ಸೃಜನಶೀಲ ಚಿಂತನೆಯ ಪರೀಕ್ಷೆ ಮತ್ತು ನಮ್ಮ ಮಕ್ಕಳ ಭಾಷೆ

(ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರ ರಕ್ಷಕ-ಶಿಕ್ಷಕ ಸಂಘದ ವಾರ್ಷಿಕ ಸಭೆಯಲ್ಲಿ ಅಲ್ಲಿನ ಅಧ್ಯಾಪಿಕೆಯೊಬ್ಬರು ಮಾಡಿದ ಭಾಷಣದ ಬರಹರೂಪ)



ಕಳೆದ ತಿಂಗಳು ಏಳನೆಯ ತರಗತಿಯ ಹುಡುಗಿಯೊಬ್ಬಳ ತಂದೆ ಶಾಲೆಗೆ ಬಂದಿದ್ದರು. ಮಗಳ ವರ್ಗಾವಣೆ ಪತ್ರ ಬೇಕೆಂದರು. ಆಂಗ್ಲ ಮಾಧ್ಯಮಕ್ಕೆ ಸೇರಿಸುವ ಯೋಚನೆ. ಕಾರಣ ಕೇಳಿದೆ. ಅವರು ಹೇಳಿದ್ದು ಹೀಗೆ: “ಟೀಚರೇ, ನಿಮ್ಮ ಪಾಠದ ಬಗ್ಗೆ ನನಗೆ ದೂರಿಲ್ಲ. ಆದರೆ ಇನ್ನು ಮುಂದೆ ಬಾಯಿಪಾಠಕ್ಕೆ ಬೆಲೆ ಇಲ್ಲವಂತೆ. ಹೊಸತಾಗಿ ಯೋಚಿಸುವವರು ಬೇಕಂತೆ. ಅದನ್ನು ಅಳೆಯುವುದಕ್ಕೂ ಅಂತರರಾಷ್ಟ್ರೀಯ ಪರೀಕ್ಷೆ ಬಂದಿದೆಯಂತೆ. ಅದರಲ್ಲಿ ಸಿಂಗಾಪುರ ಮೊದಲು ಬಂತಂತೆ. ಅವರು ಓದುವುದು ಇಂಗ್ಲಿಷಿನಲ್ಲಿ.”

ಆ ದಿನ ನಾನು ಅವರಿಗೆ ನೆಟ್ಟಗೆ ಉತ್ತರ ಕೊಡಲಿಲ್ಲ. “ಯೋಚನೆ ಮಾಡಿ” ಎಂದಷ್ಟೇ ಹೇಳಿ ಕಳುಹಿಸಿದೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅವರು ಹೇಳಿದ ಸಂಗತಿಗಳು ನಿಜ. ಅಂಥ ಪರೀಕ್ಷೆ ನಡೆದಿದೆ, ಸಿಂಗಾಪುರ ಮೊದಲು ಬಂದಿದೆ, ಅಲ್ಲಿ ಶಾಲೆಯ ಭಾಷೆ ಇಂಗ್ಲಿಷ್. ಆದರೆ ಇವುಗಳಿಂದ ಅವರು ತೆಗೆದ ತೀರ್ಮಾನ ಸರಿಯೇ? ಅದನ್ನು ತಿಳಿಯಬೇಕಾದರೆ ಈ ಪರೀಕ್ಷೆ ಏನು, ಅದರಲ್ಲಿ ಏನು ಕೇಳುತ್ತಾರೆ, ಹೇಗೆ ಅಂಕ ಕೊಡುತ್ತಾರೆ ಎಂಬುದನ್ನು ನೋಡಬೇಕು. ಇಂದು ನಿಮ್ಮ ಮುಂದೆ ಅದನ್ನೇ ಹೇಳುತ್ತೇನೆ.

ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ ಎಂಬ ದೇಶಗಳ ಕೂಟವೊಂದಿದೆ. ಒ.ಇ.ಸಿ.ಡಿ. ಎಂದು ಅದನ್ನು ಕರೆಯುತ್ತಾರೆ. ಕಚೇರಿ ಪ್ಯಾರಿಸಿನಲ್ಲಿ. ಅದು 2000ನೇ ಇಸವಿಯಿಂದ ‘ಪಿಸಾ’ ಎಂಬ ಪರೀಕ್ಷೆ ನಡೆಸುತ್ತಾ ಬಂದಿದೆ. 15 ವರ್ಷದ ಮಕ್ಕಳಿಗೆ ಓದು, ಗಣಿತ, ವಿಜ್ಞಾನಗಳಲ್ಲಿ ಪರೀಕ್ಷೆ. ಇದರಲ್ಲಿ ಪಾಸು, ಫೇಲು ಇಲ್ಲ. ಮಗುವಿಗೆ ಅಂಕಪಟ್ಟಿಯೂ ಬರುವುದಿಲ್ಲ. ಪ್ರತಿ ದೇಶದಲ್ಲಿ ಕೆಲವು ಶಾಲೆಗಳನ್ನು, ಆ ಶಾಲೆಗಳಲ್ಲಿ ಕೆಲವು ಮಕ್ಕಳನ್ನು ಆರಿಸಿ, ಒಟ್ಟು ದೇಶದ ಶಿಕ್ಷಣ ಎಲ್ಲಿದೆ ಎಂದು ನೋಡುವುದು ಇದರ ಉದ್ದೇಶ. ಅನ್ನ ಬೆಂದಿದೆಯೇ ಎಂದು ನಾಲ್ಕು ಅಗುಳು ಹಿಸುಕಿ ನೋಡುವ ಕ್ರಮ. 2021ರಲ್ಲಿ ನಡೆಯಬೇಕಾಗಿದ್ದ ಸುತ್ತು ಕೊರೋನಾದಿಂದಾಗಿ 2022ಕ್ಕೆ ಹೋಯಿತು. ಆ ಸುತ್ತಿನಲ್ಲಿ 81 ದೇಶ ಹಾಗೂ ಪ್ರದೇಶಗಳ ಸುಮಾರು 6 ಲಕ್ಷ 90 ಸಾವಿರ ಮಕ್ಕಳು ಭಾಗವಹಿಸಿದರು. ಅವುಗಳಲ್ಲಿ 64 ದೇಶ, ಪ್ರದೇಶಗಳು ಮೊದಲ ಬಾರಿಗೆ ‘ಸೃಜನಶೀಲ ಚಿಂತನೆ’ಯ ಪರೀಕ್ಷೆಯನ್ನೂ ನಡೆಸಿದವು. ಅದರ ಫಲಿತಾಂಶ 2024ರ ಜೂನ್ ತಿಂಗಳಲ್ಲಿ ಪ್ರಕಟವಾಯಿತು.

ಇಂಥ ಪರೀಕ್ಷೆಯ ಕಲ್ಪನೆ ಹೊಸತಲ್ಲ. ಬಿ.ಎಡ್. ಓದಿದವರೆಲ್ಲ ಗಿಲ್‌ಫರ್ಡ್ ಎಂಬ ಮನೋವಿಜ್ಞಾನಿಯ ಹೆಸರು ಕೇಳಿದ್ದೇವೆ. ಒಂದೇ ಸರಿಯುತ್ತರದ ಕಡೆಗೆ ಹೋಗುವ ಚಿಂತನೆ ಬೇರೆ, ಒಂದು ಪ್ರಶ್ನೆಯಿಂದ ಹಲವು ದಿಕ್ಕಿಗೆ ಹರಡುವ ಚಿಂತನೆ ಬೇರೆ ಎಂದು ತಿಳಿಸಿದವರು ಅವರು. ಒಂದು ಇಟ್ಟಿಗೆಯಿಂದ ಏನೇನು ಮಾಡಬಹುದು ಎಂದು ಕೇಳುವ ಪರೀಕ್ಷೆ ಅವರ ದಾರಿಯದು. 1966ರಲ್ಲಿ ಟೊರೆನ್ಸ್ ಎಂಬವರ ಪರೀಕ್ಷೆಗಳು ಬಂದವು. ನಮ್ಮ ದೇಶದಲ್ಲಿ 1973ರಲ್ಲಿ ಬಾಖರ್ ಮೆಹ್ದಿ ಅವರು ಇಂಥದೇ ಪರೀಕ್ಷೆ ರೂಪಿಸಿದರು. ನಾವು ಅದರ ಹೆಸರನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು, ತರಗತಿಯಲ್ಲಿ ಬಳಸಲಿಲ್ಲ. ಆ ತಪ್ಪು ನಮ್ಮದು.

ಪಿಸಾದಲ್ಲಿ ಕೇಳಿದ್ದೇನು? ನಾಲ್ಕು ಬಗೆಯ ಕೆಲಸಗಳು. ಬರವಣಿಗೆ, ಚಿತ್ರ, ಸಮಾಜದ ಸಮಸ್ಯೆ, ವಿಜ್ಞಾನದ ಸಮಸ್ಯೆ. ಒಂದು ಚಿತ್ರ ಕೊಟ್ಟು ಅದಕ್ಕೆ ಬೇರೆ ಬೇರೆ ಶೀರ್ಷಿಕೆ ಬರೆಯಲು ಹೇಳುವುದು. ಬಾಹ್ಯಾಕಾಶದ ಚಿತ್ರಕಥೆಯಲ್ಲಿ ಮಾತಿನ ಜಾಗ ಖಾಲಿ ಬಿಟ್ಟು, ಸಂಭಾಷಣೆ ತುಂಬಿಸಲು ಹೇಳುವುದು. ಗಾಲಿಕುರ್ಚಿಯಲ್ಲಿ ಬರುವವರಿಗೆ ಗ್ರಂಥಾಲಯ ಅನುಕೂಲವಾಗಲು ಏನು ಮಾಡಬಹುದು ಎಂದು ಕೇಳುವುದು. ಹೊಳೆಯಲ್ಲಿ ಕಪ್ಪೆಗಳು ಕಡಿಮೆಯಾಗುತ್ತಿರುವುದಕ್ಕೆ ಕಾರಣ ಏನಿರಬಹುದು ಎಂದು ಊಹಿಸಲು ಹೇಳುವುದು.

ಅಂಕ ಕೊಡುವುದು ಮೂರು ಸಂಗತಿ ನೋಡಿ. ಮಗು ಒಂದಕ್ಕಿಂತ ಹೆಚ್ಚು ವಿಚಾರ ಹೇಳಿದೆಯೇ, ಅವು ಒಂದಕ್ಕೊಂದು ನಿಜವಾಗಿ ಬೇರೆಯೇ? ಹೇಳಿದ್ದು ಎಲ್ಲರೂ ಹೇಳುವಂಥದೋ, ಅಪರೂಪದ್ದೋ? ಇನ್ನೊಬ್ಬರ ವಿಚಾರವನ್ನು ಕೊಟ್ಟರೆ ಅದನ್ನು ತಿದ್ದಿ ಉತ್ತಮಗೊಳಿಸಬಲ್ಲದೇ? ಹೆಚ್ಚಿನ ಮಕ್ಕಳು ಬರೆಯುವ ಸಾಮಾನ್ಯ ಉತ್ತರಗಳು ಯಾವುವು ಎಂದು ಮೊದಲೇ ಪ್ರಯೋಗ ಪರೀಕ್ಷೆ ನಡೆಸಿ ಪಟ್ಟಿ ಮಾಡಿರುತ್ತಾರೆ. ತರಬೇತಿ ಪಡೆದವರು ಕುಳಿತು ಒಂದೊಂದು ಉತ್ತರವನ್ನೂ ಅದರೊಂದಿಗೆ ಹೋಲಿಸಿ ನೋಡುತ್ತಾರೆ.

ಇದನ್ನು ಕೇಳಿದಾಗ ನನಗೆ ಹೊಳೆದದ್ದು ಇಷ್ಟೇ: ಇಲ್ಲಿ ಒಂದು ಗುರುತು ಹಾಕಿ ಮುಗಿಸುವ ಪ್ರಶ್ನೆಗಳಿಲ್ಲ. ಹೆಚ್ಚಿನ ಕಡೆ ಮಗು ಮಾತಾಡಬೇಕು, ಬರೆಯಬೇಕು. ಮನಸ್ಸಿನಲ್ಲಿ ಹತ್ತು ವಿಚಾರ ಇದ್ದರೂ ಅದನ್ನು ಹೊರಗೆ ತರುವ ಮಾತು ಮಗುವಿನ ಬಳಿ ಎರಡೇ ಇದ್ದರೆ ಕಾಗದದ ಮೇಲೆ ಎರಡೇ ಬರುತ್ತದೆ. ಅಂಕ ಬೀಳುವುದು ಎರಡಕ್ಕೇ.

ನಾನು ಒಂದು ಸಣ್ಣ ಪ್ರಯೋಗ ಮಾಡಿ ನೋಡಿದೆ. ಇಟ್ಟಿಗೆಯ ಬದಲು ನಮ್ಮ ಊರಿನ ಅಡಿಕೆ ಹಾಳೆ ತೆಗೆದುಕೊಂಡೆ. ಹಾಳೆಯಿಂದ ಏನೇನು ಮಾಡಬಹುದು, ಹತ್ತು ನಿಮಿಷದಲ್ಲಿ ಇಂಗ್ಲಿಷಿನಲ್ಲಿ ಬರೆಯಿರಿ ಎಂದೆ. ಎಲ್ಲ ಮಕ್ಕಳೂ ಬರೆದದ್ದು ಬಹುಮಟ್ಟಿಗೆ ಅದೇ: ತಟ್ಟೆ, ಟೊಪ್ಪಿ, ಬೀಸಣಿಗೆ. ಆಮೇಲೆ, ಈಗ ಕನ್ನಡದಲ್ಲಿ ಬರೆಯಿರಿ, ಕನ್ನಡ ತೋಚದಿದ್ದಲ್ಲಿ ಮನೆಯ ಮಾತು ಬರೆದರೂ ಆಗಬಹುದು ಎಂದೆ. ತುಳು, ಹವ್ಯಕ, ಮರಾಠಿ, ಬ್ಯಾರಿ, ಕೊಂಕಣಿ ಎಲ್ಲ ಬಂತು. ಎಳೆಮಗುವನ್ನು ಮೀಯಿಸಲು, ಗುಡ್ಡದಿಂದ ಜಾರಲು, ತೋಟದ ಕಣಿಯ ನೀರು ಎತ್ತಲು. ಒಬ್ಬ ಹುಡುಗ, ಹಾಳೆಯನ್ನು ಸುರುಳಿ ಸುತ್ತಿ ಕಿವಿ ಕೇಳದ ಅಜ್ಜನ ಕಿವಿಗೆ ಹಿಡಿದು ಮಾತಾಡಬಹುದು ಎಂದು ಬರೆದ. ತರಗತಿಯಲ್ಲಿ ಬೇರೆ ಯಾರಿಗೂ ಅದು ಹೊಳೆದಿರಲಿಲ್ಲ. ಇಂಗ್ಲಿಷ್ ಕಾಗದದಲ್ಲಿ ಅದೇ ಹುಡುಗ ‘ಪ್ಲೇಟ್’ ಎಂಬ ಒಂದೇ ಪದ ಬರೆದು ಸುಮ್ಮನೆ ಕುಳಿತಿದ್ದ.

ಇದನ್ನು ನಾನು ಅಧ್ಯಯನ ಎಂದು ಹೇಳುವುದಿಲ್ಲ. ಒಂದು ತರಗತಿ, ಒಂದು ಗಂಟೆ, ಅಷ್ಟೇ. ಎರಡನೆಯ ಸಲ ಕೇಳಿದ್ದರಿಂದಲೂ ಕೆಲವು ಉತ್ತರ ಹೆಚ್ಚಾಗಿರಬಹುದು. ಆದರೂ ಅಜ್ಜನ ಕಿವಿಯ ಉತ್ತರ ಆ ಹುಡುಗನ ಒಳಗೆ ಮೊದಲೇ ಇತ್ತು. ಅದಕ್ಕೆ ದಾರಿ ಬೇಕಿತ್ತು.

ಇನ್ನೊಂದು ಅನುಭವ ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಪರೀಕ್ಷೆಯ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ‘ಕುಳವನ್ನು ಸಂರಕ್ಷಿಸಲು ಎರಡು ಮಾರ್ಗಗಳನ್ನು ಸೂಚಿಸಿರಿ’ ಎಂಬ ಪ್ರಶ್ನೆ ಇತ್ತು. ಮೂಲ ಮಲೆಯಾಳದಲ್ಲಿ ‘ಕುಳಂ’ ಎಂದರೆ ಕೆರೆ. ಅನುವಾದ ಮಾಡಿದವರು ಕೊನೆಯ ಅಕ್ಷರ ಮಾತ್ರ ಬದಲಾಯಿಸಿದ್ದರು. ಮನೆಯಲ್ಲೋ ಪೇಟೆಯಲ್ಲೋ ಮಲೆಯಾಳ ಕೇಳಿ ಗೊತ್ತಿದ್ದ ಮಕ್ಕಳು ಅಂದಾಜು ಮಾಡಿ ಕೆರೆಯ ಬಗ್ಗೆ ಬರೆದರು. ಒಬ್ಬಳು ಹುಡುಗಿ ಕನ್ನಡದ ಅರ್ಥ ಹಿಡಿದು, ನೇಗಿಲಿನ ಕುಳಕ್ಕೆ ಎಣ್ಣೆ ಸವರಿ ಅಟ್ಟದಲ್ಲಿಡಬೇಕು, ಮಳೆಯ ನೀರು ತಾಗದಂತೆ ನೋಡಿಕೊಳ್ಳಬೇಕು ಎಂದು ಬರೆದಳು. ಎರಡು ಮಾರ್ಗ ಕೇಳಿದ್ದರು, ಎರಡನ್ನೂ ಸೂಚಿಸಿದಳು. ಎರಡೂ ಸರಿಯಾದ ಮಾರ್ಗಗಳೇ. ಆದರೆ ಸಿಕ್ಕಿದ್ದು ಸೊನ್ನೆ. ಆ ಮಗು ಉತ್ತರಪತ್ರಿಕೆ ಹಿಡಿದು ನನ್ನ ಬಳಿ ಬಂದು, “ಟೀಚರೇ, ನಾನು ಬರೆದದ್ದರಲ್ಲಿ ತಪ್ಪು ಯಾವುದು?” ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆ ಅವಳ ಚಿಂತನೆಯನ್ನು ಅಳೆಯಲಿಲ್ಲ. ಅನುವಾದಕರ ಅಜಾಗ್ರತೆಯನ್ನು ಅಳೆದು, ಅದರ ದಂಡವನ್ನು ಅವಳಿಂದ ವಸೂಲು ಮಾಡಿತು.

ಈಗ ಪಿಸಾದವರು ಏನು ಮಾಡುತ್ತಾರೆ ಕೇಳಿ. ಅವರ ಮೂಲ ಪ್ರಶ್ನೆಗಳು ಇಂಗ್ಲಿಷ್ ಮತ್ತು ಫ್ರೆಂಚ್ ಭಾಷೆಗಳಲ್ಲಿ ಸಿದ್ಧವಾಗುತ್ತವೆ. ಅವನ್ನು ಒಂದು ದೇಶದ ಭಾಷೆಗೆ ತರುವಾಗ ಇಬ್ಬರು ಅನುವಾದಕರು ಬೇರೆ ಬೇರೆಯಾಗಿ ಅನುವಾದಿಸುತ್ತಾರೆ. ಮೂರನೆಯವರು ಎರಡನ್ನೂ ಹೋಲಿಸಿ ಒಂದು ಮಾಡುತ್ತಾರೆ. ಆಮೇಲೆ ಹೊರಗಿನ ಪರಿಶೀಲಕರು ಸಾಲು ಸಾಲಾಗಿ ತಾಳೆ ನೋಡುತ್ತಾರೆ. ಇಷ್ಟು ಶ್ರಮ ಏಕೆ? ಮಗುವಿಗೆ ಪ್ರಶ್ನೆಯ ಭಾಷೆ ಅಡ್ಡ ಬಂದರೆ ಪರೀಕ್ಷೆಯೇ ಕೆಟ್ಟಿತು ಎಂದು ಅವರಿಗೆ ಗೊತ್ತಿದೆ.

ಅಷ್ಟೇ ಅಲ್ಲ, ಅಲ್ಪಸಂಖ್ಯಾತರ ಭಾಷೆಯ ವಿಚಾರವೂ ಅಲ್ಲಿ ಬರುತ್ತದೆ. ಫಿನ್ಲೆಂಡಿನಲ್ಲಿ ಸ್ವೀಡಿಷ್ ಮಾತಾಡುವವರು ನೂರಕ್ಕೆ ಐದರಷ್ಟು ಮಾತ್ರ. ಅವರಿಗೆ ತಮ್ಮದೇ ಶಾಲೆಗಳಿವೆ. ಆ ಶಾಲೆಗಳ ಮಕ್ಕಳಿಗೆ ಪಿಸಾ ಪರೀಕ್ಷೆ ಸ್ವೀಡಿಷ್ ಭಾಷೆಯಲ್ಲೇ ನಡೆಯುತ್ತದೆ. ಅವರ ಫಲಿತಾಂಶವನ್ನು ಬೇರೆಯಾಗಿಯೂ ನೋಡುವಂತಾಗಲೆಂದು ಸಂಖ್ಯೆಗೆ ಮೀರಿದಷ್ಟು ಶಾಲೆಗಳನ್ನು ಆರಿಸುತ್ತಾರೆ. ಸ್ಲೊವಾಕಿಯಾದಲ್ಲಿ ಹಂಗೇರಿಯನ್, ಎಸ್ಟೋನಿಯಾದಲ್ಲಿ ರಷ್ಯನ್, ಸ್ಪೇನಿನಲ್ಲಿ ಬಾಸ್ಕ್ ಭಾಷೆಯಲ್ಲಿ ಪ್ರಶ್ನೆಪತ್ರಿಕೆ ಇರುತ್ತದೆ. ಗಡಿ ಎಳೆದಾಗ ಆಚೆ ಉಳಿದವರ ಮಕ್ಕಳು ಅಲ್ಲಿಯೂ ಇದ್ದಾರೆ. ನಮ್ಮ ಹಾಗೆಯೇ.

ಆದರೆ ಇನ್ನೊಂದು ನಿಯಮವೂ ಇದೆ. ಯಾವ ಭಾಷೆಯಲ್ಲಿ ಪ್ರಶ್ನೆಪತ್ರಿಕೆ ತಯಾರಾಗಿಲ್ಲವೋ ಆ ಭಾಷೆಯಲ್ಲಿ ಓದುವ ಮಕ್ಕಳನ್ನು ಪರೀಕ್ಷೆಯಿಂದ ಹೊರಗಿಡಬಹುದು. ಹೀಗೆ ಬೇರೆ ಬೇರೆ ಕಾರಣಗಳಿಂದ ಹೊರಗಿಡುವವರು ಒಟ್ಟು ನೂರಕ್ಕೆ ಐದನ್ನು ಮೀರಬಾರದು, ಅಷ್ಟೇ. ಹೆತ್ತವರೇ, ಇದನ್ನು ಗಮನವಿಟ್ಟು ಕೇಳಬೇಕು. ಒಂದು ರಾಜ್ಯದೊಳಗಿನ ಸಣ್ಣ ಭಾಷಾ ಸಮುದಾಯ ಇಂಥ ಲೆಕ್ಕದಲ್ಲಿ ಸುಲಭವಾಗಿ ಆ ಐದರೊಳಗೆ ಮರೆಯಾಗಿಬಿಡಬಹುದು. ಯಾರೂ ದ್ವೇಷ ಮಾಡಬೇಕಾಗಿಲ್ಲ. ಪ್ರಶ್ನೆಪತ್ರಿಕೆ ತಯಾರಿಸದಿದ್ದರೆ ಸಾಕು, ಮಗು ಲೆಕ್ಕಕ್ಕೆ ಇಲ್ಲ.

ನಮ್ಮ ದೇಶದ ಸಂಗತಿ ಏನು? 2009ರ ಸುತ್ತಿಗೆ ಜೋಡಿಸಿ ನಡೆಸಿದ ಪರೀಕ್ಷೆಯಲ್ಲಿ ತಮಿಳುನಾಡು ಮತ್ತು ಹಿಮಾಚಲ ಪ್ರದೇಶ ಭಾಗವಹಿಸಿದ್ದವು. 74 ಹೆಸರುಗಳ ಪಟ್ಟಿಯಲ್ಲಿ ಎರಡೂ ಕೊನೆಯ ಸಾಲುಗಳಲ್ಲಿ ನಿಂತವು. ಪ್ರಶ್ನೆಗಳು ನಮ್ಮ ಮಕ್ಕಳ ಪರಿಸರಕ್ಕೆ ಹೊಂದುವುದಿಲ್ಲ ಎಂಬ ಆಕ್ಷೇಪ ಬಂತು, ಮುಂದಿನ ಸುತ್ತುಗಳಿಗೆ ಭಾರತ ಹೋಗಲಿಲ್ಲ. ಕೊರೋನಾ ಕಾಲದ ಸುತ್ತಿಗೆ ಚಂಡೀಗಢದ ಶಾಲೆಗಳು, ಕೇಂದ್ರೀಯ ವಿದ್ಯಾಲಯಗಳು ಮತ್ತು ನವೋದಯ ವಿದ್ಯಾಲಯಗಳನ್ನು ಸೇರಿಸುವ ಯೋಜನೆ ಇತ್ತು. ಶಾಲೆಗಳು ಮುಚ್ಚಿದ್ದರಿಂದ ಅದೂ ನಡೆಯಲಿಲ್ಲ. ಹಾಗಾಗಿ 2022ರ ಸೃಜನಶೀಲ ಚಿಂತನೆಯ ಪರೀಕ್ಷೆಯಲ್ಲಿ ಭಾರತ ಇರಲಿಲ್ಲ. ಒಂದು ವೇಳೆ ಇದ್ದಿದ್ದರೂ ಆ ಯೋಜನೆಯ ಪ್ರಕಾರ ಕನ್ನಡ ಮಾಧ್ಯಮದ ಒಂದು ಮಗುವೂ ಅದರಲ್ಲಿ ಕುಳಿತಿರುತ್ತಿರಲಿಲ್ಲ. ಅಂದಮೇಲೆ ಈ ಪರೀಕ್ಷೆಯ ಹೆಸರು ಹೇಳಿ ಕನ್ನಡ ಮಾಧ್ಯಮದ ಮಕ್ಕಳು ಹಿಂದೆ ಎಂದು ಯಾರಾದರೂ ಹೇಳಿದರೆ, ಅದಕ್ಕೆ ಆಧಾರವಿಲ್ಲ. ಮುಂದೆ ಇದ್ದಾರೆ ಎಂದು ನಾನು ಹೇಳಿದರೂ ಆಧಾರವಿಲ್ಲ.

ಇನ್ನು ಸಿಂಗಾಪುರದ ಪ್ರಶ್ನೆಗೆ ಬರುತ್ತೇನೆ. ಒಟ್ಟು 60 ಅಂಕಗಳಲ್ಲಿ ಸಿಂಗಾಪುರದ ಸರಾಸರಿ 41. ಒ.ಇ.ಸಿ.ಡಿ. ದೇಶಗಳ ಸರಾಸರಿ 33. ಸಿಂಗಾಪುರದ ಮಕ್ಕಳು ಇಂಗ್ಲಿಷಿನಲ್ಲಿ ಬರೆದರು, ಸರಿ. ಆದರೆ ಪಟ್ಟಿಯ ಮುಂದಿನ ಸಾಲುಗಳನ್ನೂ ಓದೋಣ. ದಕ್ಷಿಣ ಕೊರಿಯಾ 38, ಅವರು ಬರೆದದ್ದು ಕೊರಿಯನ್ ಭಾಷೆಯಲ್ಲಿ. ಎಸ್ಟೋನಿಯಾ 36, ಫಿನ್ಲೆಂಡ್ 36. ಎಸ್ಟೋನಿಯಾದ ಜನಸಂಖ್ಯೆ ನಮ್ಮ ಕಾಸರಗೋಡು ಜಿಲ್ಲೆಯದಕ್ಕೆ ಹತ್ತಿರ, ಸುಮಾರು 13 ಲಕ್ಷ. ಅಷ್ಟು ಸಣ್ಣ ಭಾಷೆಯಲ್ಲಿ ಓದಿದ ಮಕ್ಕಳು ಜಗತ್ತಿನ ಮುಂದಿನ ಸಾಲಿನಲ್ಲಿದ್ದಾರೆ. ಇನ್ನು ಪಟ್ಟಿಯ ಕೆಳತುದಿಗೆ ಹೋಗೋಣ. ಫಿಲಿಪೀನ್ಸ್ ಪಡೆದದ್ದು 14. ಅಲ್ಲಿಯ ಪರೀಕ್ಷೆ ನಡೆದದ್ದೂ ಇಂಗ್ಲಿಷಿನಲ್ಲೇ. ಅಲ್ಲಿ ಬಡತನ, ತುಂಬಿದ ತರಗತಿ ಮೊದಲಾದ ಬೇರೆ ಕಾರಣಗಳೂ ಇವೆ, ಎಲ್ಲವನ್ನೂ ಭಾಷೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಒಂದು ಮಾತು ಸ್ಪಷ್ಟ. ಪಟ್ಟಿಯ ತಲೆಯಲ್ಲಿಯೂ ಇಂಗ್ಲಿಷ್ ಇದೆ, ಬುಡದಲ್ಲಿಯೂ ಇಂಗ್ಲಿಷ್ ಇದೆ. ಹಾಗಾದರೆ ಮೇಲೆತ್ತಿದ್ದು ಇಂಗ್ಲಿಷ್ ಅಲ್ಲ.

ಸಿಂಗಾಪುರದ ಮಕ್ಕಳು ಶಿಶುವಿಹಾರದಿಂದಲೇ ಆ ಭಾಷೆಯಲ್ಲಿ ಬೆಳೆದವರು, ಅದರಲ್ಲೇ ಸಲೀಸಾಗಿ ಮಾತಾಡುವ ಅಧ್ಯಾಪಕರ ಕೈಯಲ್ಲಿ ಕಲಿತವರು. ಜೊತೆಗೆ ಅಲ್ಲಿ ಚೀನೀ, ಮಲಯ ಅಥವಾ ತಮಿಳನ್ನು ಮಾತೃಭಾಷೆ ಎಂದು ಶಾಲೆಯಲ್ಲಿ ಕಲಿಯಬೇಕೆಂಬ ನಿಯಮವಿದೆ. ನಮ್ಮಲ್ಲಿ ಏಳನೆಯ ತರಗತಿಯ ಮಗುವನ್ನು ತಟ್ಟನೆ ಎತ್ತಿ, ಮನೆಯಲ್ಲಿಯೂ ಇಲ್ಲದ, ಅಂಗಡಿಯಲ್ಲಿಯೂ ಇಲ್ಲದ ಭಾಷೆಯಲ್ಲಿ ಕೂರಿಸುವುದು ಸಿಂಗಾಪುರ ಮಾಡಿದ ಕೆಲಸವಲ್ಲ. ಮಗುವಿಗೆ ಇಂಗ್ಲಿಷ್ ಬೇಡ ಎಂದು ನಾನು ಹೇಳುವುದಿಲ್ಲ. ಚೆನ್ನಾಗಿ ಕಲಿಯಲಿ. ಕಲಿಸುವುದು ನಮ್ಮ ಕರ್ತವ್ಯ, ಅದರಲ್ಲಿ ನಾವು ಕಡಿಮೆ ಬಿದ್ದರೆ ನೀವು ಕೇಳಬೇಕು. ಆದರೆ ಒಂದು ಭಾಷೆಯನ್ನು ಕಲಿಯುವುದು ಬೇರೆ, ಯೋಚಿಸಲು ಇದ್ದ ಭಾಷೆಯನ್ನು ಬಿಡುವುದು ಬೇರೆ.

ಈ ಪರೀಕ್ಷೆಯ ವರದಿಯಲ್ಲಿ ಹೆತ್ತವರಿಗೆ ಬೇಕಾದ ಬೇರೆ ಸಂಗತಿಗಳೂ ಇವೆ. ಯಾವ ದೇಶದಲ್ಲಿಯೂ ಹುಡುಗರು ಹುಡುಗಿಯರನ್ನು ಮೀರಿಸಲಿಲ್ಲ. ಅನುಕೂಲಸ್ಥರ ಮಕ್ಕಳು ಬಡವರ ಮಕ್ಕಳಿಗಿಂತ ಮುಂದಿದ್ದರು, ಎಂದರೆ ಪುಸ್ತಕ, ಪುರುಸೊತ್ತು, ಮಾತುಕತೆ ಇರುವ ಮನೆಯ ಪ್ರಭಾವ ಇಲ್ಲಿಯೂ ಇದೆ. ಗಣಿತದಲ್ಲಿ ಹೆಸರು ಮಾಡಿದ ಹಾಂಗ್‌ಕಾಂಗ್, ಮಕಾವ್‌ನಂಥ ಪ್ರದೇಶಗಳು ಸೃಜನಶೀಲತೆಯಲ್ಲಿ ಸರಾಸರಿಯನ್ನು ದಾಟಲಿಲ್ಲ. ಲೆಕ್ಕದಲ್ಲಿ ನೂರಕ್ಕೆ ನೂರು ಬಂದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ ಎಂದು ನಾವು ನಂಬಬಾರದು. ಇನ್ನೊಂದು: ತಮ್ಮ ಸೃಜನಶೀಲತೆಯನ್ನು ತಾವು ಬೆಳೆಸಿಕೊಳ್ಳಬಹುದು ಎಂದು ನಂಬಿದ ಮಕ್ಕಳು ಸುಮಾರು ಅರ್ಧದಷ್ಟು ಮಾತ್ರ. ಉಳಿದವರು ಅದು ಹುಟ್ಟಿನಿಂದ ಬರುವಂಥದು ಎಂದುಕೊಂಡಿದ್ದಾರೆ. ‘ಇವನ ತಲೆಗೆ ಅದು ಹತ್ತುವುದಿಲ್ಲ’ ಎಂದು ನಾವು ಮಕ್ಕಳ ಎದುರಿಗೇ ಹೇಳುತ್ತೇವಲ್ಲ, ಆ ನಂಬಿಕೆ ಹುಟ್ಟುವುದು ಅಲ್ಲಿಯೇ.

ಪರೀಕ್ಷೆಯ ಮಿತಿಯನ್ನೂ ಹೇಳಬೇಕು. ಒಂದು ಗಂಟೆಯಲ್ಲಿ, ಗಣಕಯಂತ್ರದ ಮುಂದೆ ಕುಳಿತು ಬರೆದದ್ದರಲ್ಲಿ ಮಗುವಿನ ಎಲ್ಲ ಶಕ್ತಿಯೂ ಕಾಣುವುದಿಲ್ಲ. ಯಕ್ಷಗಾನದ ಅರ್ಥ ಹೇಳುವಾಗ ಎದುರಿನವರ ಮಾತಿಗೆ ಆ ಕ್ಷಣದಲ್ಲೇ ಮಾತು ಕಟ್ಟುವ ಹುಡುಗನ ಜಾಣ್ಮೆ ಯಾವ ಪಟ್ಟಿಯಲ್ಲಿಯೂ ಬರಲಿಕ್ಕಿಲ್ಲ. ಯಾವುದು ಅಪರೂಪದ ಉತ್ತರ ಎಂಬುದು ಊರಿನಿಂದ ಊರಿಗೆ ಬೇರೆಯಾಗುತ್ತದೆ. ಹಾಳೆಯಲ್ಲಿ ಮಗುವನ್ನು ಮೀಯಿಸುವುದು ನಮಗೆ ಸಾಮಾನ್ಯ, ಹೊರಗಿನವರಿಗೆ ವಿಸ್ಮಯ. ಆದ್ದರಿಂದ ಈ ಅಂಕಗಳನ್ನು ದೇವರ ವಾಕ್ಯವೆಂದು ಹಿಡಿಯುವುದು ಬೇಡ. ಅದರ ಪ್ರಶ್ನೆಗಳಿಂದ ಕಲಿಯೋಣ.

ಹಾಗಾದರೆ ನಾವು ಮಾಡಬೇಕಾದದ್ದೇನು? ನಾಲ್ಕು ಮಾತು ಹೇಳುತ್ತೇನೆ. ಇದು ಕಾಸರಗೋಡಿನವರಿಗೆ ಮಾತ್ರವಲ್ಲ, ಅಕ್ಕಲಕೋಟೆ, ತಾಳವಾಡಿ, ಮಡಕಶಿರಾ ಕಡೆಯ ಹೆತ್ತವರಿಗೂ ಸಲ್ಲುವ ಮಾತು.

ಮೊದಲನೆಯದು, ಮನೆಯಲ್ಲಿ ಮಗು ಒಂದು ಉತ್ತರ ಹೇಳಿದಾಗ ಸರಿ, ತಪ್ಪು ಎಂದು ಅಲ್ಲಿಗೇ ಮುಗಿಸಬೇಡಿ. “ಇನ್ನೊಂದು ಹೇಳು” ಎನ್ನಿ. ಖರ್ಚಿಲ್ಲದ ಅಭ್ಯಾಸ ಇದು. ಯಾವ ಭಾಷೆಯಲ್ಲಿ ಹೇಳುತ್ತದೋ ಹೇಳಲಿ, ತುಳುವೋ ಕೊಂಕಣಿಯೋ ಮರಾಠಿಯೋ. ಅಲ್ಲಿಂದ ಕನ್ನಡಕ್ಕೆ ತರುವ ಕೆಲಸ ನಮ್ಮದು.

ಎರಡನೆಯದು, ಮಕ್ಕಳಿಗೆ ಕನ್ನಡದಲ್ಲಿ ಟೈಪ್ ಮಾಡಲು ಅಭ್ಯಾಸ ಮಾಡಿಸಿ. ಪರೀಕ್ಷೆಗಳು ಕಾಗದದಿಂದ ಗಣಕಯಂತ್ರಕ್ಕೆ ಹೋಗುತ್ತಿವೆ. ನಮ್ಮ ಮಕ್ಕಳು ಮೊಬೈಲಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ಬೆರಳಿಗೆ ಬಾರದ ಭಾಷೆ ನಾಳೆ ಉತ್ತರಪತ್ರಿಕೆಗೂ ಬಾರದು.

ಮೂರನೆಯದು, ಪ್ರತಿ ಪರೀಕ್ಷೆಯ ನಂತರ ಮಕ್ಕಳ ಕೈಯಿಂದ ಕನ್ನಡ ಪ್ರಶ್ನೆಪತ್ರಿಕೆ ತೆಗೆದುಕೊಂಡು ಓದಿ. ತಪ್ಪು ಅನುವಾದ ಕಂಡರೆ ಗೊಣಗಿ ಸುಮ್ಮನಾಗಬೇಡಿ. ಪ್ರಶ್ನೆಯ ಸಂಖ್ಯೆ, ತಪ್ಪಾದ ಪದ, ಇರಬೇಕಾದ ಪದ, ಮಕ್ಕಳಿಗಾದ ನಷ್ಟ, ಇವಿಷ್ಟನ್ನು ಬರೆದು ರಕ್ಷಕ-ಶಿಕ್ಷಕ ಸಂಘದ ಠರಾವಿನೊಂದಿಗೆ ಲಿಖಿತವಾಗಿ ಕಳುಹಿಸಿ, ಸ್ವೀಕೃತಿ ಪಡೆಯಿರಿ. ಕುಳದ ಪ್ರಶ್ನೆ ಬಂದ ವರ್ಷ ನಾವು ಸಿಟ್ಟುಗೊಂಡೆವು, ಬರೆಯಲಿಲ್ಲ. ಬರೆದಿದ್ದರೆ ಆ ಮಗುವಿಗೆ ಎರಡು ಅಂಕ ಸಿಗುತ್ತಿತ್ತೋ ಇಲ್ಲವೋ, ದಾಖಲೆಯಂತೂ ಉಳಿಯುತ್ತಿತ್ತು.

ನಾಲ್ಕನೆಯದು, ರಾಜ್ಯ ಪುನರ್ವಿಂಗಡಣೆಯ ಕಾಲದಲ್ಲಿ, 1956ರಲ್ಲಿ, ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ತಕ್ಕ ಸೌಲಭ್ಯ ಒದಗಿಸಲು ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. 350ಬಿ ವಿಧಿ ಇದನ್ನು ನೋಡಿಕೊಳ್ಳಲು ವಿಶೇಷ ಅಧಿಕಾರಿಯೊಬ್ಬರನ್ನು ನೇಮಿಸಲು ಹೇಳುತ್ತದೆ. ಕಲಿಸುವ ಭಾಷೆಯಲ್ಲೇ ಅಳೆಯದಿದ್ದರೆ ಆ ಸೌಲಭ್ಯ ಅರ್ಧವೇ. ಮುಂದೆ ನಮ್ಮ ದೇಶದಲ್ಲಿ ಇಂಥ ಪರೀಕ್ಷೆ ಬಂದರೆ ಫಿನ್ಲೆಂಡಿನ ಸ್ವೀಡಿಷ್ ಮಕ್ಕಳಿಗೆ ಸಿಕ್ಕಿದ್ದು ನಮ್ಮ ಮಕ್ಕಳಿಗೂ ಸಿಗಬೇಕು: ಸರಿಯಾದ ಕನ್ನಡದಲ್ಲಿ ಪ್ರಶ್ನೆಪತ್ರಿಕೆ, ಕನ್ನಡ ಬಲ್ಲವರಿಂದ ಮೌಲ್ಯಮಾಪನ, ಲೆಕ್ಕದಲ್ಲಿ ಒಂದು ಜಾಗ. ಅದನ್ನು ಈಗಿನಿಂದಲೇ ಕೇಳಬೇಕು, ಪರೀಕ್ಷೆ ಮುಗಿದ ಮೇಲಲ್ಲ.

ನಾನು ಆರಂಭದಲ್ಲಿ ಹೇಳಿದ ತಂದೆ ಇಂದು ಈ ಸಭೆಯಲ್ಲಿದ್ದಾರೆ. ಮಗಳ ಭವಿಷ್ಯದ ಚಿಂತೆಯಿಂದ ಕೇಳಿದ ಪ್ರಶ್ನೆಯದು, ಅದಕ್ಕಾಗಿ ಅವರಿಗೆ ನನ್ನ ಗೌರವವಿದೆ. ವರ್ಗಾವಣೆ ಪತ್ರ ಕೇಳುವುದು ಅವರ ಹಕ್ಕು, ನಿರ್ಧಾರವೂ ಅವರದೇ. ನನ್ನ ವಿನಂತಿ ಒಂದೇ. ಇಂದು ರಾತ್ರಿ ಊಟವಾದ ಮೇಲೆ ಮಗಳ ಕೈಗೆ ಒಂದು ಅಡಿಕೆ ಹಾಳೆ ಕೊಟ್ಟು, ಇದರಿಂದ ಏನೇನು ಮಾಡಬಹುದು ಎಂದು ಕೇಳಿ. ಅವಳು ಯಾವ ಭಾಷೆಯಲ್ಲಿ ಉತ್ತರ ಹೇಳುತ್ತಾಳೆ, ಎಷ್ಟು ಹೊತ್ತು ಹೇಳುತ್ತಾಳೆ ಎಂದು ನೋಡಿ. ಆಮೇಲೆ ನಿರ್ಧಾರ ಮಾಡಿ.